ತಾಯಿಗೊಂದು ಪತ್ರ, ಹತ್ತು ಅಂಕ

ತಿರುವನಂತಪುರದಲ್ಲಿ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಅನುವಾದಕಿ. ಮಲಯಾಳದ ರಾಜಧಾನಿಯಲ್ಲಿ ಕನ್ನಡಕ್ಕೆ ಏನು ಕೆಲಸ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಕಾಸರಗೋಡಿನಲ್ಲಿ ಕನ್ನಡಿಗರಿದ್ದಾರೆ, ಅವರಿಗೆ ಆದೇಶ, ನೋಟೀಸುಗಳು ಕನ್ನಡದಲ್ಲಿ ಹೋಗಬೇಕು, ಅವರು ಬರೆದ ಅರ್ಜಿಗಳು ಇಲ್ಲಿಯವರಿಗೆ ಮಲಯಾಳದಲ್ಲಿ ಸಿಗಬೇಕು. ನಾನೂ ಅಲ್ಲಿಯವಳೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಎಡಗಡೆ ಮೂಲ, ಬಲಗಡೆ ಅನುವಾದ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕುಳಿತಿದ್ದೇನೆ. ಅರ್ಜಿದಾರನ ಮನೆ ಮಳೆಗೆ ಕುಸಿದಿದೆ ಎಂದು ಬರೆದಿದ್ದರೆ ನನಗೆ ಮನೆ ಕಾಣುವುದಿಲ್ಲ. ‘ಕುಸಿದಿದೆ’ ಎನ್ನಬೇಕೋ ‘ಕುಸಿದಿರುತ್ತದೆ’ ಎನ್ನಬೇಕೋ ಎಂಬುದು ಮಾತ್ರ ಕಾಣುತ್ತದೆ. ಕಚೇರಿಯಲ್ಲಿ ಇದಕ್ಕೆ ನನ್ನನ್ನು ಹೊಗಳುತ್ತಾರೆ. ನನ್ನ ಕೈ ದಾಟಿದ ಕಾಗದದಲ್ಲಿ ತಪ್ಪಿರುವುದಿಲ್ಲ ಎನ್ನುತ್ತಾರೆ.

ಇಂಥವಳ ಮಗಳಿಗೆ ಹದಿನೆಂಟು ವರ್ಷವಾದರೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಊರಿನ ನೆಂಟರು ಚುಚ್ಚಿದರೆ ನಾನು ನಗುತ್ತಿದ್ದೆ. ಪಟ್ಟಂ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನಾನೂ ಗಂಡನೂ ಕನ್ನಡದಲ್ಲಿ ಮಾತಾಡುತ್ತಿದ್ದೆವು, ಅವಳು ಎಲ್ಲವನ್ನೂ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ಉತ್ತರಿಸುತ್ತಿದ್ದಳು. “ಊಟಕ್ಕೆ ಬಾ” ಎಂದರೆ “ದಾ ವರುನ್ನು”, ಇದೋ ಬಂದೆ, ಎಂದು ಬರುತ್ತಿದ್ದಳು. ಇದರಲ್ಲಿ ಕೊರತೆಯೇನೂ ನಮಗೆ ಕಂಡಿರಲಿಲ್ಲ. ಸುಖವಾಗಿದ್ದೆವು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಹನ್ನೆರಡನೇ ತರಗತಿಯ ಜೊತೆಗೆ ಅವಳು ಮೆಡಿಕಲ್ ಎಂಟ್ರೆನ್ಸ್ ಬರೆದಳು. ಸರ್ಕಾರಿ ಸೀಟಿಗೆ ಬೇಕಾದ ರ್ಯಾಂಕಿನ ಹತ್ತಿರಕ್ಕೂ ಬರಲಿಲ್ಲ. ಕೇರಳದಲ್ಲಿ ಇದು ದೊಡ್ಡ ದುರಂತವೇನಲ್ಲ. ಇನ್ನೊಂದು ವರ್ಷ ಮನೆ ಬಿಟ್ಟು ಕೋಚಿಂಗ್ ಸೇರಿ ಮತ್ತೆ ಬರೆಯುವ ಮಕ್ಕಳಿಗೆ ‘ರಿಪೀಟರ್’ ಎಂಬ ಹೆಸರೇ ಇದೆ, ಅವರಿಗೆಂದೇ ಬ್ಯಾಚುಗಳಿವೆ, ಹಾಸ್ಟೆಲುಗಳಿವೆ, ರಸ್ತೆಯುದ್ದಕ್ಕೂ ಅವರಲ್ಲಿ ಗೆದ್ದವರ ಫೋಟೋಗಳಿವೆ. ಸೋತವರ ಫೋಟೋ ಹಾಕುವ ಪದ್ಧತಿ ಇಲ್ಲ. ಮಗಳು ಮಾತ್ರ ತನಗೆ ಇನ್ನೊಮ್ಮೆ ಬರೆಯುವ ಮನಸ್ಸಿಲ್ಲ, ಇಲ್ಲೇ ಯಾವುದಾದರೂ ಕಾಲೇಜಿನಲ್ಲಿ ಬಾಟನಿ ಓದುತ್ತೇನೆ ಎಂದಳು.

ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ತಾಂತ್ರಿಕ ಅಧಿಕಾರಿ. ಅವರಿಗೆ ಯಾವ ಯಂತ್ರವೂ ಒಂದೇ ಸಲಕ್ಕೆ ಓಡುವುದಿಲ್ಲ ಎಂಬುದು ವೃತ್ತಿಯ ನಂಬಿಕೆ.

“ಬಾಟನಿ ಎಲ್ಲಿಗೂ ಓಡಿ ಹೋಗುದಿಲ್ಲ ಮಗಾ. ಒಂದೇ ಒಂದು ವರ್ಷ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗೀತದೆ,” ಎಂದರು.

ಅವಳು ನನ್ನ ಮುಖ ನೋಡಿದಳು. ನಾನು ಗಂಡನ ಮಾತಿಗೆ ತಲೆಯಾಡಿಸಿದೆ.

ಕೊಚ್ಚಿಯಲ್ಲಿ ವೈಟ್ಟಿಲ ಬಸ್ ನಿಲ್ದಾಣದಿಂದ ಆಟೋದಲ್ಲಿ ಹತ್ತು ನಿಮಿಷ ದೂರದ ಆ ಕೋಚಿಂಗ್ ಸಂಸ್ಥೆಯನ್ನು ಆರಿಸಿದ್ದು ಅದರ ಕಟ್ಟುನಿಟ್ಟಿಗಾಗಿ. ಹಾಸ್ಟೆಲಿನಲ್ಲಿ ಮಕ್ಕಳ ಕೈಯಲ್ಲಿ ಫೋನಿಲ್ಲ. ವಾರಕ್ಕೊಮ್ಮೆ ವಾರ್ಡನ್ನರ ಮೇಜಿನ ಮೇಲಿರುವ ಫೋನಿನಿಂದ, ಸ್ಪೀಕರ್ ಹಾಕಿಕೊಂಡು, ಐದು ನಿಮಿಷ ಮನೆಗೆ ಮಾತಾಡಬಹುದು. ತಿಂಗಳಿಗೊಮ್ಮೆ, ಎರಡನೇ ಭಾನುವಾರ, ತಂದೆತಾಯಿ ಬಂದು ಎರಡು ಗಂಟೆ ಕೂರಬಹುದು. ಮಕ್ಕಳ ಪುಸ್ತಕ, ಚೀಲ, ಕಪಾಟು ಎಲ್ಲವನ್ನೂ ವಾರ್ಡನ್ ಯಾವಾಗ ಬೇಕಾದರೂ ತೆಗೆದು ನೋಡಬಹುದು. ಪ್ರತಿ ಭಾನುವಾರ ಬೆಳಿಗ್ಗೆ ಪರೀಕ್ಷೆ, ಸೋಮವಾರ ಬೆಳಿಗ್ಗೆ ರ್ಯಾಂಕ್ ಓದುತ್ತಾರೆ, ಆ ರ್ಯಾಂಕಿನ ಪ್ರಕಾರ ಕ್ಲಾಸಿನಲ್ಲಿ ಬೆಂಚು ಬದಲಾಗುತ್ತದೆ. ಅದೇ ಹೊತ್ತಿಗೆ ಅಪ್ಪನ ಫೋನಿಗೂ ಮೆಸೇಜು ಬರುತ್ತದೆ. ಸೇರಿಸುವ ದಿನ ಇದನ್ನೆಲ್ಲ ವಿವರಿಸಿದಾಗ ಅಲ್ಲಿದ್ದ ತಂದೆತಾಯಂದಿರು ಮದುವೆ ಮನೆಯ ಅಡುಗೆ ಪಟ್ಟಿ ಕೇಳುವವರ ಹಾಗೆ ಸಂತೋಷಪಟ್ಟರು. ನಾವೂ ಅವರಲ್ಲಿ ಇಬ್ಬರು.

ಕನ್ನಡ ಇದರೊಳಗೆ ಬಂದದ್ದು ಅಣ್ಣನ ಫೋನಿನಿಂದ. ಅವನು ಮಂಗಳೂರಿನಲ್ಲಿ ವಕೀಲ, ಯಾವ ನಿಯಮದಲ್ಲಿ ಯಾವ ಕಿಂಡಿ ಇದೆ ಎಂದು ಹುಡುಕುವುದೇ ಅವನ ಅನ್ನ.

“ನಿಂಗೆ ಗೊತ್ತುಂಟಾ, ಹೊರನಾಡ ಕನ್ನಡಿಗರ ಮಕ್ಕಳಿಗೆ ಕರ್ನಾಟಕದಲ್ಲಿ ಅರ್ಜಿ ಹಾಕ್ಲಿಕ್ಕೆ ಒಂದು ದಾರಿ ಉಂಟು. ಒಂದು ಸಣ್ಣ ಕನ್ನಡ ಪರೀಕ್ಷೆ ಪಾಸಾಗ್ಬೇಕು, ಅಷ್ಟೇ. ನಾಲ್ಕನೇ ಕ್ಲಾಸಿನ ಮಟ್ಟದ್ದು ಮಾರಾಯ್ತಿ! ನೀನಿರುವಾಗ ಅದೆಂತ ಕಷ್ಟ?”

ಅಲ್ಲಿಯವರೆಗೆ ಈ ಇಡೀ ಯುದ್ಧದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಫಿಸಿಕ್ಸು ಕೆಮಿಸ್ಟ್ರಿ ಗಂಡನ ಖಾತೆ, ರ್ಯಾಂಕಿನ ಮೆಸೇಜೂ ಅವರ ಫೋನಿಗೇ. ಈಗ ನನಗೊಂದು ವಿಷಯ ಸಿಕ್ಕಿತು, ಅದೂ ನಾನು ಯಾರಿಗೂ ಸೋಲದ ವಿಷಯ. ಆ ಸಂಜೆ ನಾನು ಕುಣಿಯದೇ ಇದ್ದದ್ದೇ ಹೆಚ್ಚು. ಎರಡು ದೋಣಿಯ ಮೇಲೆ ಕಾಲಿಟ್ಟವರು ಮುಳುಗುತ್ತಾರೆ ಎನ್ನುತ್ತಾರಲ್ಲ, ನಮ್ಮ ವಿಷಯದಲ್ಲಿ ಮಾತ್ರ ಅದು ಜಾಣತನ ಎಂದು ನನಗೆ ನಾನೇ ಹೇಳಿಕೊಂಡೆ.

ಹೀಗೆ ಪ್ರತಿ ಎರಡನೇ ಭಾನುವಾರ ನಾನು ಮೊದಲ ಬಸ್ಸು ಹಿಡಿದು ವೈಟ್ಟಿಲದಲ್ಲಿ ಇಳಿಯುತ್ತಿದ್ದೆ. ಚೀಲದಲ್ಲಿ ನೀರುದೋಸೆಯ ಡಬ್ಬಿ, ಬೆಲ್ಲ ಬೆರೆಸಿದ ಕಾಯಿತುರಿ, ಕಾಪಿ ಪುಸ್ತಕ. ಗಂಡ ಬರುತ್ತಿರಲಿಲ್ಲ. ಇಬ್ಬರೂ ಹೋದರೆ ಅವಳ ಗಮನ ಚದುರುತ್ತದೆ ಎಂದು ಅವರ ವಾದ. ಹಾಸ್ಟೆಲಿನ ಕೆಳಗಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿರುತ್ತಿದ್ದರು, ಬಾಗಿಲ ಹತ್ತಿರ ರಿಜಿಸ್ಟರಿನ ಮುಂದೆ ವಾರ್ಡನ್. ಬೇರೆ ಅಮ್ಮಂದಿರು ಮಕ್ಕಳಿಗೆ ಮೀನು ಹುರಿದದ್ದನ್ನು ಬಿಡಿಸಿ ಕೊಡುತ್ತಿದ್ದರು, ಸುಮ್ಮನೆ ಬೆನ್ನು ಸವರುತ್ತಿದ್ದರು. ನಾನು ಅ ಆ ಇ ಈ ತೆಗೆಯುತ್ತಿದ್ದೆ.

ಅವಳು ಬೇಗ ಕಲಿತಳು. ಮಲಯಾಳ ಬರೆಯುವ ಕೈಗೆ ಕನ್ನಡದ ಸುತ್ತುಗಳು ಹೊಸದಲ್ಲ. ಮೂರನೇ ಭೇಟಿಗೆ ಒತ್ತಕ್ಷರ ಮುಗಿಯಿತು, ಅಕ್ಟೋಬರಿನಲ್ಲಿ ವಾಕ್ಯಗಳಿಗೆ ಬಂದೆವು. ತಿಂಗಳಿಗೆ ಎರಡು ಗಂಟೆ ಸಾಲದೆಂದು ನಾನೊಂದು ವ್ಯವಸ್ಥೆ ಮಾಡಿದೆ. ಎರಡು ಕಾಪಿ ಪುಸ್ತಕ. ಒಂದು ಅವಳ ಹತ್ತಿರ ಇರುವಾಗ ಇನ್ನೊಂದು ನನ್ನ ಹತ್ತಿರ. ತಿಂಗಳಿಡೀ ಅವಳು ಬರೆದದ್ದನ್ನು ನಾನು ತೆಗೆದುಕೊಂಡು ಹೋಗಿ ತಿದ್ದುವುದು, ಹಿಂದಿನ ತಿಂಗಳು ತಿದ್ದಿದ್ದನ್ನು ಅವಳಿಗೆ ಕೊಟ್ಟು ಬರುವುದು. ನಮ್ಮ ಕಚೇರಿಯಲ್ಲಿ ಕಡತಗಳು ಓಡಾಡುವುದು ಹೀಗೆಯೇ. ವಾರ್ಡನ್ ಪುಸ್ತಕವನ್ನು ತಿರುವಿ ಹಾಕಿ, ನೋಡಲು ನಮ್ಮ ಲಿಪಿಯ ಹಾಗೇ ಇದೆ, ಒಂದಕ್ಷರವೂ ತಿಳಿಯುವುದಿಲ್ಲವಲ್ಲ ಎಂದು ನಗುತ್ತಿದ್ದರು. ಪರೀಕ್ಷೆಗೆ ಸಂಬಂಧಪಟ್ಟದ್ದು ಎಂದು ನಾನು ಹೇಳಿದ ಮೇಲೆ ಆ ಎರಡು ಪುಸ್ತಕಗಳನ್ನು ಅವರು ತೆರೆಯುವುದನ್ನೇ ಬಿಟ್ಟರು.

ನವೆಂಬರಿನ ಭಾನುವಾರ ಅವಳು ಬಂದು ಕುಳಿತಾಗ ಮುಂದಲೆಯ ಬಲಗಡೆ ಕೂದಲು ತೆಳ್ಳಗಾಗಿದ್ದು ಕಂಡಿತು.

“ಎಂತ ಇದು, ಕೂದಲು?” ಎಂದೆ.

ಅವಳು ಶಾಲನ್ನು ತಲೆಗೆ ಎಳೆದುಕೊಂಡು “ವೆಳ್ಳಂ” ಎಂದಳು. ನೀರಿನಿಂದ ಎಂದು ಅರ್ಥ. ಕೊಚ್ಚಿಯ ನೀರಿಗೆ ಕೂದಲು ಉದುರುತ್ತದೆ ಎಂದು ಅಲ್ಲಿ ವಾಸಮಾಡಿದವರೆಲ್ಲ ಹೇಳುವುದುಂಟು, ನಾನೂ ನಂಬಿದೆ. ಮುಂದಿನ ಸಲ ಕರಿಬೇವು ಹಾಕಿ ಕಾಯಿಸಿದ ಎಣ್ಣೆ ತರುತ್ತೇನೆ ಎಂದೆ. ಅವಳು ನೀರುದೋಸೆ ಮುಟ್ಟಲಿಲ್ಲ, ರೂಮಿನ ಹುಡುಗಿಯರಿಗೆ ಕೊಡುತ್ತೇನೆಂದು ಡಬ್ಬಿ ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, “ಅಮ್ಮೇ, ಒರು ಕಾರ್ಯಂ ಪರಯಟ್ಟೆ?” ಎಂದಳು. ಒಂದು ವಿಷಯ ಹೇಳಲೇ ಎಂದು ಕೇಳಿದ್ದು.

ನಾನು ಗಡಿಯಾರ ನೋಡಿದೆ. “ಈ ಉಕ್ತಲೇಖನ ಒಂದು ಮುಗಿಸು. ಮತ್ತೆ ಹೇಳು.”

ಉಕ್ತಲೇಖನ ಮುಗಿಯುವ ಹೊತ್ತಿಗೆ ಗಂಟೆ ಬಾರಿಸಿದರು. ಏಳುವಾಗ ನಾನೇ ನೆನಪು ಮಾಡಿ, ಎಂತದೋ ಹೇಳಬೇಕು ಅಂದಿದ್ದೆಯಲ್ಲ ಎಂದೆ. ಅವಳು ವಾರ್ಡನ್ನರ ಕಡೆ ನೋಡಿ, ಏನಿಲ್ಲ ಎಂಬಂತೆ ತಲೆಯಾಡಿಸಿದಳು. ಆ ಹಾಲಿನಲ್ಲಿ ದೂರು ಹೇಳಿಕೊಂಡ ಮಕ್ಕಳನ್ನು ಆಮೇಲೆ ಕರೆಸಿ, ತಂದೆತಾಯಿಯ ಮನಸ್ಸು ಕೆಡಿಸುತ್ತೀಯಾ ಎಂದು ನಿಲ್ಲಿಸಿ ಕೇಳುತ್ತಾರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆ ತಿಂಗಳಿಗೆ ಪತ್ರಲೇಖನದ ಪಾಠ ಕೊಟ್ಟು ಬಂದೆ. ಎಲ್ಲಿಯೋ ಸಿಕ್ಕಿದ ಮಾದರಿ ಪ್ರಶ್ನೆ ಹೀಗಿತ್ತು: ನೀನು ವಿದ್ಯಾರ್ಥಿನಿಲಯದಲ್ಲಿ ಇರುವೆ ಎಂದು ಭಾವಿಸಿ, ಅಲ್ಲಿಯ ಜೀವನದ ಬಗ್ಗೆ ನಿನ್ನ ತಾಯಿಗೊಂದು ಪತ್ರ ಬರೆ. ಹತ್ತು ಅಂಕ.

ಡಿಸೆಂಬರಿನಲ್ಲಿ ಪುಸ್ತಕ ಕೈಗೆ ಬಂತು. ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದರಿಂದ, ತೊಡೆಯ ಮೇಲಿಟ್ಟು ಅಲ್ಲೇ ತಿದ್ದಲು ಕುಳಿತೆ. ಮೊದಲ ಪುಟಗಳಲ್ಲಿ ಪದಗಳು, ವಿರುದ್ಧ ಪದಗಳು. ಆಮೇಲೆ ಪತ್ರ. ಅದನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ, ಈಗ ನನಗೆ ಬಾಯಿಪಾಠವಾಗಿದೆ.

“ಅಮ್ಮ, ನನಗೆ ಇಲ್ಲಿ ಬೇಡ. ನನಗೆ ನಿದ್ದೆ ಬರುವುದಿಲ್ಲ. ಸೋಮವಾರ ಬಂದರೆ ನನ್ನ ಕೈ ನಡುಗುತ್ತದೆ. ನಾನು ಕೊನೆಯ ಬೆಂಚಿನಲ್ಲಿ ಇದ್ದೇನೆ. ನನ್ನ ಕೂದಲನ್ನು ನಾನು ಕೀಳುತ್ತೇನೆ. ಬೇಡ ಎಂದರೂ ಕೈ ಹೋಗುತ್ತದೆ. ಅಪ್ಪನಿಗೆ ಹೇಳಬೇಡ. ನೀನು ಬಂದು ನನ್ನನ್ನು ಕರೆದುಕೊಂಡು ಹೋಗು.”

ನಾನು ಮಾಡಿದ್ದನ್ನೂ ಇದ್ದ ಹಾಗೆಯೇ ಹೇಳಬೇಕು. ‘ಅಮ್ಮ’ ಎಂಬುದನ್ನು ಹೊಡೆದು ‘ಪೂಜ್ಯ ತಾಯಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು’ ಎಂದು ಮೇಲೆ ಬರೆದೆ. ಪತ್ರದಲ್ಲಿ ಕ್ಷೇಮ ಸಮಾಚಾರ ಮೊದಲು ಬರಬೇಕು ಎಂದು ಬದಿಯಲ್ಲಿ ಸೂಚಿಸಿದೆ. ‘ನೀನು’ ಎಂಬುದನ್ನು ‘ತಾವು’ ಮಾಡಿದೆ. ‘ಕೂದಲನ್ನು ನಾನು ಕೀಳುತ್ತೇನೆ’ ಎಂಬುದನ್ನು ಹೊಡೆದು ‘ನನ್ನ ಕೂದಲು ಉದುರುತ್ತಿದೆ’ ಎಂದು ಬರೆದೆ. ಹೂ ಕೀಳುವ ಪಾಠದಿಂದ ಆ ಮಾತನ್ನು ಎತ್ತಿಕೊಂಡು ತಪ್ಪು ಜಾಗದಲ್ಲಿ ಹಾಕಿದ್ದಾಳೆ, ಪಾಪ, ಎಂದುಕೊಂಡೆ. ಕೊನೆಗೆ ಕೆಂಪು ಶಾಯಿಯಲ್ಲಿ ಹೀಗೆ ಷರಾ ಬರೆದೆ: ‘ವಿಷಯ ಸಹಜವಾಗಿದೆ. ಆದರೆ ಇಷ್ಟು ದುಃಖ ಬೇಡ. ಓದುವವರಿಗೆ ಸಂತೋಷವಾಗುವಂತೆ ಬರೆ. 7/10.’

ನನಗೆ ಗೊತ್ತಾಗಲೇ ಇಲ್ಲ ಎಂದರೆ ಸುಳ್ಳು. ‘ಕೈ ನಡುಗುತ್ತದೆ’ ಎಂಬಲ್ಲಿ ನನ್ನ ಪೆನ್ನು ನಿಂತಿತ್ತು. ಬಸ್ಸು ಆಲಪ್ಪುಳ ದಾಟಿತ್ತು, ಹೊರಗೆ ಬಿಸಿಲು, ನಾನು ಪುಸ್ತಕ ಮುಚ್ಚಿದೆ. ಆಮೇಲೆ ನನ್ನೊಳಗೇ ಲೆಕ್ಕ ಹಾಕಿದೆ. ಪ್ರಶ್ನೆಯಲ್ಲೇ ‘ಎಂದು ಭಾವಿಸಿ’ ಎಂದಿದೆ, ಅವಳು ಭಾವಿಸಿದ್ದಾಳೆ. ಫೋನಿನಲ್ಲಿ ಪ್ರತಿ ವಾರ ಕೇಳಿದಾಗ “ಕುಳಪ್ಪಮಿಲ್ಲ” ಎನ್ನುತ್ತಾಳೆ, ಏನೂ ತೊಂದರೆಯಿಲ್ಲ ಎನ್ನುತ್ತಾಳೆ. ನಿಜವಾಗಿದ್ದರೆ ಆಗ ಹೇಳುತ್ತಿರಲಿಲ್ಲವೇ? ಇದನ್ನು ನಿಜವೆಂದು ಒಪ್ಪಿದರೆ ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಹೋಗಬೇಕಿತ್ತು, ಅವಳ ಚೀಲ ಕಟ್ಟಿಸಬೇಕಿತ್ತು, ಗಂಡನಿಗೆ ಉತ್ತರ ಕೊಡಬೇಕಿತ್ತು, ಅಣ್ಣನಿಗೆ, ಅಕ್ಕಪಕ್ಕದ ಫ್ಲ್ಯಾಟಿನವರಿಗೆ ಉತ್ತರ ಕೊಡಬೇಕಿತ್ತು. ಅಂಕ ಹಾಕುವುದು ಇದಕ್ಕಿಂತ ಸುಲಭ. ನಾನು ಸುಲಭದ್ದನ್ನು ಮಾಡಿದೆ.

ಜನವರಿಯ ಭೇಟಿಯಲ್ಲಿ ತಿದ್ದಿದ ಪುಸ್ತಕವನ್ನು ಅವಳಿಗೆ ಕೊಟ್ಟೆ. ಅವಳು ಪತ್ರದ ಪುಟ ತೆರೆದು ತುಂಬ ಹೊತ್ತು ನೋಡಿದಳು. ನನ್ನ ಮುಖ ನೋಡಲಿಲ್ಲ. ನಾನು ಮೇಲಿನ ಸಾಲುಗಳಿಗೆ ಬೆರಳಿಟ್ಟು ವಿವರಿಸಿದೆ.

“ನೋಡು, ಅಮ್ಮನೇ ಆದ್ರೂ ಪತ್ರದಲ್ಲಿ ‘ನೀನು’ ಅಂತ ಹೇಳ್ಲಿಕ್ಕಿಲ್ಲ. ಪರೀಕ್ಷೆಯಲ್ಲಿ ಅದಕ್ಕೆಲ್ಲ ಮಾರ್ಕು ಹೋಗ್ತದೆ.”

“ಶರಿ,” ಎಂದಳು.

“ಮತ್ತೆ ಇಷ್ಟು ಬೇಜಾರಿದ್ದೆಲ್ಲ ಬೇಡ. ಊಟ ಒಳ್ಳೇದುಂಟು, ಗೆಳತಿಯರು ಒಳ್ಳೆಯವರು, ಹಾಗೆ ಬರಿ.”

“ಶರಿ ಅಮ್ಮ.”

ಡಿಸೆಂಬರಿನಲ್ಲಿ ಮರೆತಿದ್ದ ಎಣ್ಣೆಯ ಬಾಟಲಿ ಕೊಟ್ಟೆ. ಅದನ್ನೂ ತೆಗೆದುಕೊಂಡಳು. ಆ ದಿನ ಅವಳು ಇನ್ನೊಂದು ಪುಸ್ತಕವನ್ನು ನನಗೆ ಕೊಡಲಿಲ್ಲ, ಬರೆದಿಲ್ಲ ಎಂದಳು. ಬರೆದಿಟ್ಟಿದ್ದಳೆಂದು ತಿಳಿದದ್ದು ಆಮೇಲೆ. ನಾನು ಗದರಿದೆ. ಹತ್ತು ಜನರ ಎದುರು ಗದರಿದೆ ಎಂಬುದೂ ನೆನಪಿದೆ. ಪಕ್ಕದ ಕುರ್ಚಿಯಲ್ಲಿದ್ದ ಅಪ್ಪನೊಬ್ಬ ನನ್ನ ಶ್ರದ್ಧೆಯನ್ನು ಮೆಚ್ಚಿ, ತನ್ನ ಮಗಳಿಗೆ ನನ್ನ ಕಡೆ ಕೈ ತೋರಿಸಿದ.

ಫೆಬ್ರವರಿಯಲ್ಲಿ ಹೊಸ ಪತ್ರ ಬಂತು. ಬಸ್ಸಿನಲ್ಲಿ ಓದಿದೆ. ಒಂದು ತಪ್ಪಿಲ್ಲ.

“ಪೂಜ್ಯ ತಾಯಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಚೆನ್ನಾಗಿದ್ದೇನೆ. ತಾವೂ ತಂದೆಯವರೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಊಟ ಚೆನ್ನಾಗಿದೆ. ಗೆಳತಿಯರು ಒಳ್ಳೆಯವರು. ನಾನು ಪ್ರತಿದಿನ ಬೇಗ ಎದ್ದು ಓದುತ್ತೇನೆ. ನನಗೆ ಇಲ್ಲಿ ತುಂಬಾ ಸಂತೋಷ.”

ಹತ್ತಕ್ಕೆ ಹತ್ತು ಹಾಕಿದೆ. ಪರೀಕ್ಷೆಯ ಉತ್ತರ ಪತ್ರಿಕೆಗೆ ಯಾರೂ ಹತ್ತಕ್ಕೆ ಹತ್ತು ಹಾಕುವುದಿಲ್ಲ ಎಂದು ಗೊತ್ತಿದ್ದೂ ಹಾಕಿದೆ. ಮನೆಗೆ ಬಂದು ಗಂಡನಿಗೆ ತೋರಿಸಿದೆ. ಮರುದಿನ ಕಚೇರಿಗೂ ಒಯ್ದು, ಕನ್ನಡ ಬಲ್ಲ ಒಬ್ಬರೇ ಒಬ್ಬ ಸಹೋದ್ಯೋಗಿಗೆ ಓದಿಸಿದೆ. ಆರೇಳು ತಿಂಗಳಲ್ಲಿ ಹೀಗೆ ಬರೆಸಿದ್ದೀರಲ್ಲ ಎಂದು ಅವರು ಹೊಗಳಿದರು. ಆ ಹೊಗಳಿಕೆಯಲ್ಲಿ ನಾನು ಎರಡು ದಿನ ತೇಲಿದೆ.

ಅದೇ ವಾರ ಗುರುವಾರ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಹಾಸ್ಟೆಲಿನಿಂದ ಫೋನು ಬಂತು. ಮಗಳು ಬೆಳಿಗ್ಗೆ ಸ್ನಾನಕ್ಕೆ ಹೋದವಳು ಬಾಗಿಲು ತೆಗೆದಿಲ್ಲ, ಕ್ಲಾಸಿಗೂ ಬಂದಿಲ್ಲ, ಈಗ ಚಿಲಕ ಮುರಿದು ಹೊರಗೆ ಕರೆತಂದಿದ್ದೇವೆ, ಮಾತಾಡುತ್ತಿಲ್ಲ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ, ಬನ್ನಿ. ಗಾಯವೇನಾದರೂ ಆಗಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ನಾವಿಬ್ಬರೂ ಟ್ಯಾಕ್ಸಿ ಹಿಡಿದು ಕೊಚ್ಚಿಗೆ ಹೊರಟೆವು. ದಾರಿಯುದ್ದಕ್ಕೂ ಗಂಡ, ಹುಡುಗಾಟವಿರಬೇಕು, ಭಾನುವಾರದ ಪರೀಕ್ಷೆಗೆ ಹೆದರಿರಬೇಕು ಎನ್ನುತ್ತಲೇ ಇದ್ದರು. ಅವರ ದನಿ ಅವರಿಗೇ ಧೈರ್ಯ ಕೊಡಲಿ ಎಂದು ನಾನು ತಲೆಯಾಡಿಸುತ್ತಿದ್ದೆ.

ಆಸ್ಪತ್ರೆಯ ಹಾಸಿಗೆಯ ಮೇಲೆ ಮೊಣಕಾಲು ಮಡಚಿ ಕುಳಿತಿದ್ದಳು. ಶಾಲಿರಲಿಲ್ಲ. ತಲೆಯ ಬಲಭಾಗದಲ್ಲಿ ಅಂಗೈಯಗಲ ಬೋಳು, ಕಿವಿಯ ಮೇಲೆ ಇನ್ನೊಂದು. ಕೂದಲು ಉದುರಿದ ಜಾಗ ಹಾಗಿರುವುದಿಲ್ಲ. ಕಿತ್ತ ಜಾಗ ಕೆಂಪಾಗಿತ್ತು, ಚುಕ್ಕಿ ಚುಕ್ಕಿ ರಕ್ತ ಒಣಗಿತ್ತು. ಗಂಡ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಹತ್ತಿರ ಹೋಗಿ ಕೈ ಹಿಡಿದೆ, ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮೆತ್ತಗೆ ಮಲಯಾಳದಲ್ಲಿ ಮಾತಾಡುತ್ತಿದ್ದರು. ನಮ್ಮನ್ನು ಕೂರಿಸಿಕೊಂಡು, ಇದು ನಿನ್ನೆ ಮೊನ್ನೆಯದಲ್ಲ, ತಿಂಗಳುಗಳಿಂದ ನಡೆದಿದೆ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ಇಲ್ಲ, ಅವಳು ಏನೂ ಹೇಳಲಿಲ್ಲ ಎಂದು ಗಂಡ ಹೇಳಿದರು. ಡಾಕ್ಟರು ಅವಳ ಕಡೆ ತಿರುಗಿ, ಮಗಳೇ ಎಂಬ ಅರ್ಥದಲ್ಲಿ ‘ಮೋಳೆ’ ಎಂದು ಕರೆದು, ಯಾರಿಗೂ ಹೇಳಲಿಲ್ಲವಾ ಎಂದರು.

ಅವಳು ಆ ದಿನ ಮೊದಲ ಬಾರಿಗೆ ಬಾಯಿ ತೆರೆದಳು. “ಅಮ್ಮಯ್ಕ್ಕ್ ಎಳುದಿ ಕೊಡುತ್ತಿಟ್ಟುಂಡ್.”

ಅಮ್ಮನಿಗೆ ಬರೆದುಕೊಟ್ಟಿದ್ದೇನೆ. ದೂರಿನ ದನಿಯಿರಲಿಲ್ಲ. ಕಚೇರಿಯಲ್ಲಿ ಅರ್ಜಿದಾರರು, ನಾನು ಆಗಲೇ ಬರೆದುಕೊಟ್ಟಿದ್ದೇನಲ್ಲ, ನಿಮ್ಮಲ್ಲೇ ಇರಬೇಕು ನೋಡಿ ಎನ್ನುತ್ತಾರಲ್ಲ, ಹಾಗೆ ಹೇಳಿದಳು.

ಗಂಡ ನನ್ನ ಮುಖ ನೋಡಿದರು. ಹಾಸ್ಟೆಲಿನವರು ತಂದಿಟ್ಟ ಅವಳ ಚೀಲದಿಂದ ನಾನೇ ಡಿಸೆಂಬರಿನ ಪುಸ್ತಕ ತೆಗೆದು ಅವರಿಗೆ ಕೊಟ್ಟೆ. ಅವರೂ ಕನ್ನಡ ಶಾಲೆಯಲ್ಲಿ ಓದಿದವರೇ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ.

“ನೀನು ಇದನ್ನು ಓದ್ಲಿಲ್ವಾ?” ಎಂದರು.

“ಓದಿದ್ದೆ.”

“ಓದಿ?”

“ಮಾರ್ಕು ಹಾಕಿದೆ. ಕಾಣುದಿಲ್ವಾ ನಿಮ್ಗೆ?”

ಅವರು ಬೈಯಬಹುದಿತ್ತು. ಬೈದಿದ್ದರೆ, ಕೊನೆಯ ಬೆಂಚು ಎಂದು ಪ್ರತಿ ಸೋಮವಾರ ನಿಮ್ಮ ಫೋನಿಗೂ ಬರುತ್ತಿತ್ತಲ್ಲ ಎಂದು ನಾನೂ ಬೈಯುತ್ತಿದ್ದೆ, ಇಬ್ಬರಿಗೂ ಸ್ವಲ್ಪ ಹಗುರವಾಗುತ್ತಿತ್ತು. ಅವರು ಪುಸ್ತಕವನ್ನು ಮಡಚಿ ನನಗೆ ವಾಪಸು ಕೊಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತರು. ಪುಸ್ತಕದಲ್ಲಿ ನನ್ನ ಕೆಂಪು ಅಕ್ಷರಗಳು ಅವಳ ನೀಲಿ ಅಕ್ಷರಗಳಿಗಿಂತ ದೊಡ್ಡದಾಗಿದ್ದವು.

ಅಲ್ಲಿ ಕುಳಿತಾಗ ನನಗೆ ಪೂರ್ತಿ ಅರ್ಥವಾಯಿತು. ಫೋನಿನಲ್ಲಿ ಮಾತಾಡಿದರೆ ಸ್ಪೀಕರು. ಹಾಲಿನಲ್ಲಿ ಮಾತಾಡಿದರೆ ವಾರ್ಡನ್. ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಬರೆದರೆ ಓದುತ್ತಾರೆ. ಆ ಕಟ್ಟಡದಲ್ಲಿ ಯಾರಿಗೂ ಓದಲು ಬಾರದ ಬರಹ ಒಂದೇ ಇತ್ತು, ಅದು ನಾನು ಕಲಿಸಿದ್ದು. ನನ್ನ ಮಗಳು ಕನ್ನಡವನ್ನು ಅಷ್ಟು ಬೇಗ ಕಲಿತದ್ದು ಸೀಟಿಗಾಗಿ ಅಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಭಾಷೆಯಲ್ಲಿ ನನಗೆ ಏನೋ ಹೇಳಲು ಬಂದಿದ್ದಳು. ನಾನು ಅವಳನ್ನು ‘ತಾವು’ ಎನ್ನು ಎಂದು ಕಳಿಸಿದೆ.

ಅವಳನ್ನು ಮನೆಗೆ ಕರೆತಂದೆವು. ಆ ವರ್ಷ ಮೆಡಿಕಲ್ ಪರೀಕ್ಷೆ ಬರೆಯಲಿಲ್ಲ, ಕನ್ನಡ ಪರೀಕ್ಷೆಯೂ ಇಲ್ಲ. ಹಾಸ್ಟೆಲಿನವರು ಹಾಸಿಗೆ, ಬಕೆಟ್ಟು ಎಲ್ಲ ತೆಗೆದುಕೊಂಡು ಹೋಗಿ ಎಂದು ಎರಡು ಸಲ ಫೋನು ಮಾಡಿದರು, ಗಂಡ ಹೋಗಿ ತಂದರು. ನೆಂಟರು ಒಂದು ವರ್ಷ ಹಾಳಾಯಿತಲ್ಲ ಎಂದು ಮರುಗಿದರು. ಅಣ್ಣ ಮಾತ್ರ ಬಿಡದೆ, “ಆ ದಾರಿ ಬರುವ ವರ್ಷವೂ ಉಂಟು, ಕನ್ನಡ ಹೇಗೂ ಕಲ್ತಿದ್ದಾಳಲ್ಲ,” ಎಂದ. ಅವನ ಮೇಲೆ ನಾನು ಹಿಂದೆಂದೂ ಅಷ್ಟು ಕೂಗಿರಲಿಲ್ಲ. ಅವನು ತಪ್ಪೇನೂ ಮಾಡಿರಲಿಲ್ಲ ಎಂಬುದು ಕೂಗುವಾಗಲೂ ಗೊತ್ತಿತ್ತು.

ಈಗ ಅವಳು ನಗರದ ಒಂದು ಕಾಲೇಜಿನಲ್ಲಿ ಬಾಟನಿ ಓದುತ್ತಿದ್ದಾಳೆ. ಸಿಟಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೂದಲು ಬೆಳೆದಿದೆ, ಆದರೆ ಆ ಜಾಗದಲ್ಲಿ ಬೆಳೆದದ್ದು ಬೇರೆ ಕೂದಲಿನ ಹಾಗೆ ಇಲ್ಲ, ಸ್ವಲ್ಪ ಒರಟು. ಗೆಳತಿಯರ ಜೊತೆ ಫೋನಿನಲ್ಲಿ ಮಲಯಾಳದಲ್ಲಿ ಹರಟುತ್ತಾಳೆ, ಅಪ್ಪನಿಗೂ ಮೊದಲಿನ ಹಾಗೆ ಮಲಯಾಳದಲ್ಲೇ ಉತ್ತರ. ಒಮ್ಮೊಮ್ಮೆ ಅವರಿಬ್ಬರ ನಗು ಅಡುಗೆಮನೆಗೆ ಕೇಳಿಸುತ್ತದೆ. ಆಗ ನಾನು ಮಿಕ್ಸಿ ನಿಲ್ಲಿಸಿ ಕೇಳುತ್ತೇನೆ.

ಡಾಕ್ಟರು ಕೊನೆಯ ಭೇಟಿಯಲ್ಲಿ ನನಗೆ ಒಂದೇ ಕೆಲಸ ಹೇಳಿದ್ದರು. ದಿನಕ್ಕೊಂದು ಸಲ ಹೇಗಿದ್ದೀಯಾ ಎಂದು ಕೇಳಿ, ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಿ, ತಿದ್ದಬೇಡಿ. ನಾನು ತಪ್ಪದೆ ಕೇಳುತ್ತೇನೆ. ಅವಳು ಕಾಲೇಜಿನಿಂದ ಬಂದು ಚಪ್ಪಲಿ ಕಳಚುವಾಗ, “ಹೇಗಿದ್ದಿ ಮಗಾ?” ಎನ್ನುತ್ತೇನೆ.

ನನಗೆ ಮಾತ್ರ ಅವಳು ಕನ್ನಡದಲ್ಲಿ ಉತ್ತರಿಸುತ್ತಾಳೆ. “ನಾನು ಚೆನ್ನಾಗಿದ್ದೇನೆ,” ಎನ್ನುತ್ತಾಳೆ. ಒಂದು ತಪ್ಪಿರುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತೇನೆ, ಅದು ನಿಜವೋ ಅಲ್ಲವೋ ನನಗೆ ತಿಳಿಯುವುದಿಲ್ಲ.